ಬಿಸಿಲು-ಮಳೆಗೆ ಮರ ಬೂದಿಯಾಗದಂತೆ: ಮಲೆನಾಡಿನ ಮನೆಯ ಮರಕ್ಕೆ ಕ್ಲಿಯರ್ ಕೋಟಿಂಗ್, ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಮುಂಬಾಗಿಲು ಪಶ್ಚಿಮಕ್ಕೆ. ಆರು ವರ್ಷದ ಹಿಂದೆ ಹಳೇ ತೇಗದ ಬಾಗಿಲಿಗೆ ಪೇಟೆಯಿಂದ ಪಾಲಿಶ್‌ನವರನ್ನು ಕರೆಸಿ, ಕನ್ನಡಿ ಹಾಗೆ ಹೊಳೆಯುವ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಹೊಡೆಸಿದೆವು. "ಹತ್ತು ವರ್ಷ ಮುಟ್ಟೋದೇ ಬೇಡ ಸಾರ್" ಅಂದಿದ್ದರು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲಿನ ಕೆಳಗಿನ ಅರ್ಧದಲ್ಲಿ ಬೆಳ್ಳುಳ್ಳಿ ಸಿಪ್ಪೆ ಥರ ಪದರ ಏಳತೊಡಗಿತು.

ಒಂದು ಸಿಪ್ಪೆ ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಸಿಪ್ಪೆ ಗಟ್ಟಿಯಾಗೇ ಇತ್ತು, ಗಾಜಿನ ಹಾಗೆ ತಿಳಿಯಾಗೇ ಇತ್ತು. ಆದರೆ ಅದರ ಹಿಂಬದಿಗೆ ಕಂದು ಬಣ್ಣದ ತೆಳ್ಳನೆ ನಾರು ಅಂಟಿಕೊಂಡಿತ್ತು. ಕೋಟಿಂಗ್ ಸತ್ತಿರಲಿಲ್ಲ. ಅದು ಹಿಡಿದುಕೊಂಡಿದ್ದ ಮರ ಸತ್ತಿತ್ತು.

ಈ ಬರಹ ಹುಟ್ಟಿದ್ದು ಆ ಸಿಪ್ಪೆಯಿಂದ. ಆಮೇಲೆ ಬಾಗಿಲು, ಜಗಲಿ ಕಂಬ, ಉಯ್ಯಾಲೆ, ಗೇಟು ಅಂತ ಒಂದೊಂದನ್ನೇ ನಾನೇ ಕೆರೆದು, ಉಜ್ಜಿ, ಹಚ್ಚಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮರ ಯಾಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ

ಇದು ಗೊತ್ತಿಲ್ಲದೆ ಡಬ್ಬಿ ಕೊಳ್ಳಲು ಹೋದರೆ ಅಂಗಡಿಯವನು ಕೊಟ್ಟದ್ದೇ ಗತಿ. ಹಾಗಾಗಿ ಸ್ವಲ್ಪ ತಾಳ್ಮೆ ಇರಲಿ.

ಮರದಲ್ಲಿ ಮುಖ್ಯವಾಗಿ ಮೂರು ವಸ್ತು ಇವೆ. ಸೆಲ್ಯುಲೋಸ್ ಅನ್ನುವ ನಾರು, ಹೆಮಿಸೆಲ್ಯುಲೋಸ್, ಮತ್ತು ಇವೆರಡನ್ನೂ ಅಂಟಿಸಿ ಹಿಡಿದಿರುವ ಲಿಗ್ನಿನ್. ಮರದ ತೂಕದಲ್ಲಿ ಲಿಗ್ನಿನ್ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ. ಗೋಡೆಯ ಇಟ್ಟಿಗೆ ನಡುವಿನ ಗಾರೆ ಅಂದುಕೊಳ್ಳಿ. ತೊಂದರೆ ಏನಂದರೆ, ಬಿಸಿಲಿನ ಅತಿನೇರಳೆ ಕಿರಣವನ್ನು ಹೀರುವುದೂ ಈ ಲಿಗ್ನಿನ್ನೇ. ಹೀರಿ ಹೀರಿ ಅದು ಚೂರುಚೂರಾಗುತ್ತದೆ. ಆ ಚೂರು ನೀರಿನಲ್ಲಿ ಕರಗುತ್ತದೆ. ಮಳೆ ಬಂದಾಗ ಗಾರೆ ತೊಳೆದುಹೋಗುತ್ತದೆ, ಬರಿಯ ನಾರು ಉಳಿಯುತ್ತದೆ. ಆ ಚೂರನ್ನೇ ತಿಂದು ಬದುಕುವ ಕಪ್ಪು ಬೂಷ್ಟು ನಾರಿನ ಮೇಲೆ ಕೂರುತ್ತದೆ. ನಾವು ನೋಡುವ ಬೂದಿ ಬಣ್ಣ ಇದೇ.

ಅತಿನೇರಳೆ ಕಿರಣ ಮರದೊಳಗೆ ಇಳಿಯುವುದು ಸುಮಾರು 75 ಮೈಕ್ರಾನ್. ತಲೆಗೂದಲಿನ ದಪ್ಪ ಅಷ್ಟೇ. ಅದರ ಕೆಳಗಿನ ಮರ ನೂರು ವರ್ಷ ಆದರೂ ಹೊಸದರಂತೆ ಇರುತ್ತದೆ. ಹಳೇ ಗೇಟಿನ ಹಲಗೆಯನ್ನು ಉಜ್ಜುಗೊರಡಿಂದ ಒಮ್ಮೆ ಎಳೆದರೆ ಒಳಗಿನಿಂದ ಚಿನ್ನದ ಬಣ್ಣ ಬರುವುದು ಇದಕ್ಕೇ. ಆದರೆ ಯಾವ ಕೋಟಿಂಗ್ ಆದರೂ ಹಿಡಿದುಕೊಳ್ಳುವುದು ಆ ತಲೆಗೂದಲಿನ ದಪ್ಪದ ಪದರವನ್ನೇ ತಾನೇ?

ಕ್ಲಿಯರ್ ಕೋಟಿಂಗ್ ಅಂದರೆ ಬೆಳಕನ್ನು ಒಳಗೆ ಬಿಡುವ ಕೋಟಿಂಗ್. ಬೆಳಕು ಒಳಗೆ ಹೋಗದಿದ್ದರೆ ಮರದ ಗೆರೆ ನಮಗೆ ಕಾಣುವುದೂ ಇಲ್ಲ. ನೋಟಕ್ಕೆ ಬೇಕಾದ ಆ ಬೆಳಕಿನ ಜೊತೆಗೆ ಮರವನ್ನು ಕೊಲ್ಲುವ ಬೆಳಕೂ ನುಗ್ಗುತ್ತದೆ. ಪದರ ಮೇಲೆ ಗಟ್ಟಿಯಾಗಿರುವಾಗಲೇ ಕೆಳಗೆ ಅದರ ಕಾಲು ಕಳಚುತ್ತದೆ. ನಮ್ಮ ಬಾಗಿಲಿಗೆ ಆದದ್ದು ಇದೇ.

ನೀರಿನದು ಇನ್ನೊಂದು ಕಥೆ. ಮರದ ಒಳಗೋಡೆಯಲ್ಲಿ ನೀರನ್ನು ಸೆಳೆದು ಹಿಡಿಯುವ ಕೊಕ್ಕೆಗಳಿವೆ. ರಸಾಯನಶಾಸ್ತ್ರದಲ್ಲಿ ಇವಕ್ಕೆ ಹೈಡ್ರಾಕ್ಸಿಲ್ ಗುಂಪು ಅನ್ನುತ್ತಾರೆ. ಆರಿದ್ರಾ ಮಳೆಯಲ್ಲಿ ಈ ಕೊಕ್ಕೆಗಳು ತುಂಬಿ ಮರ ಉಬ್ಬುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚುತ್ತದೆ. ಮಾರ್ಚ್‌ನಲ್ಲಿ ಒಣಗಿ ಕುಗ್ಗುತ್ತದೆ, ಸಂದಿ ಬಿಡುತ್ತದೆ. ಗಾಜಿನ ಹಾಗೆ ಬಿರುಸಾದ ಪದರ ಈ ಉಸಿರಾಟದ ಜೊತೆ ಹಿಗ್ಗಲಾರದೆ ಸೀಳುತ್ತದೆ. ಸೀಳಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಮರದಲ್ಲಿ ತೇವ ನೂರಕ್ಕೆ 20 ದಾಟಿ ಹಾಗೇ ನಿಂತರೆ ಕೊಳೆಯುವ ಭಯ ಶುರು.

ಮರದ ಗುಣವನ್ನೇ ಬದಲಿಸುವುದು: ಕಾರ್ಖಾನೆಯಲ್ಲಿ ಆಗುವ ಕೆಲಸ

ಕೊಕ್ಕೆಯನ್ನೇ ಮುಚ್ಚಿಬಿಟ್ಟರೆ ಹೇಗೆ? ಅಸಿಟಿಲೀಕರಣ ಅಂದರೆ ಇದೇ. ಒಣಗಿದ ಮರವನ್ನು ಅಸಿಟಿಕ್ ಅನ್‌ಹೈಡ್ರೈಡ್‌ನಲ್ಲಿ ಒತ್ತಡ ಹಾಕಿ ಬಿಸಿ ಮಾಡುತ್ತಾರೆ. ನೀರು ಹಿಡಿಯುವ ಕೊಕ್ಕೆಗೆ ಅಸಿಟೈಲ್ ಗುಂಪು ಬಂದು ಕೂರುತ್ತದೆ. ಮರದ ತೂಕ ನೂರಕ್ಕೆ 20ರಷ್ಟು ಏರುತ್ತದೆ. ಉಬ್ಬುವುದು, ಕುಗ್ಗುವುದು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ನೆದರ್ಲೆಂಡ್ಸ್‌ನ ಆರ್ನೆಮ್‌ನಲ್ಲಿ ರೇಡಿಯೇಟಾ ಪೈನ್ ಮರಕ್ಕೆ ಹೀಗೆ ಮಾಡಿ ಅಕೋಯಾ ಅನ್ನುವ ಹೆಸರಲ್ಲಿ ಮಾರುತ್ತಾರೆ. ನಾರ್ವೆಯಲ್ಲಿ ಇನ್ನೊಂದು ದಾರಿ ಹಿಡಿದರು. ಫರ್ಫ್ಯೂರಿಲ್ ಆಲ್ಕೊಹಾಲ್ ಅನ್ನು ಮರಕ್ಕೆ ಕುಡಿಸಿ ಒಳಗೇ ಗಟ್ಟಿ ಮಾಡುವುದು. ಆ ಆಲ್ಕೊಹಾಲ್ ಕಬ್ಬಿನ ಸಿಪ್ಪೆಯಿಂದ ಬರುತ್ತದೆ. ಫಿನ್ಲೆಂಡಿನವರು ಯಾವ ರಾಸಾಯನಿಕವನ್ನೂ ಹಾಕದೆ, ಆವಿಯಲ್ಲಿ 180ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಮರವನ್ನು ಹುರಿಯುತ್ತಾರೆ. ಕಾಫಿ ಬೀಜ ಹುರಿಯುವ ಶಾಖವೂ ಹತ್ತಿರಹತ್ತಿರ ಅಷ್ಟೇ. ಮರವೂ ಅದೇ ಥರ ಕಂದಾಗುತ್ತದೆ, ಸ್ವಲ್ಪ ಬಿರುಸೂ ಆಗುತ್ತದೆ. ಹಾಗಾಗಿ ಭಾರ ಹೊರುವ ತೊಲೆಗೆ ಅದು ಬೇಡ.

ನಮ್ಮಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಮಲ್ಲೇಶ್ವರಂನಲ್ಲಿ ಐಡಬ್ಲ್ಯುಎಸ್‌ಟಿ ಅಂತ ಕರೆಯುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ರಬ್ಬರ್ ಮರಕ್ಕೆ ರಾಸಾಯನಿಕ ಬದಲಾವಣೆ ಮಾಡಿ, ಅದು ಬೆಳಕಿಗೆ ಎಷ್ಟು ತಡೆಯುತ್ತದೆ ಅಂತ ಅಲ್ಲಿಯವರು ಪರೀಕ್ಷಿಸಿದ್ದಾರೆ. ಅದಕ್ಕೂ ಹಿಂದೆ, 1933ರಲ್ಲಿ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು ಮರ ಕೊಳೆಯದಂತೆ ಕಾಯಲು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ದ್ರಾವಣ ಕಂಡುಹಿಡಿದರು. ಲೋಕವೆಲ್ಲ ಸಿಸಿಎ ಅನ್ನುವುದು ಅದನ್ನೇ. ಹಸಿರು ಛಾಯೆಯ ಕಂಬ ನೋಡಿದ್ದರೆ ಅದು ಬಹುಶಃ ಇದೇ. ಅದರಲ್ಲಿರುವ ಕ್ರೋಮಿಯಂ ಬಿಸಿಲಿನಿಂದಲೂ ಮರವನ್ನು ಸ್ವಲ್ಪ ಕಾಯುತ್ತದೆ. ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು ನಿಲ್ಲಿಸಿದರು. ಅಂಥ ಕಂಬದ ತುಂಡನ್ನು ಒಲೆಗೆ ಮಾತ್ರ ಹಾಕಬೇಡಿ.

ಅಸಿಟಿಲೀಕರಣವನ್ನು ಮನೆಯಲ್ಲಿ ಮಾಡಬಹುದಾ ಅಂತ ಯಾರಾದರೂ ಕೇಳುತ್ತಾರೆ. ಆಗಲ್ಲ. ಅಸಿಟಿಕ್ ಅನ್‌ಹೈಡ್ರೈಡ್ ಕಣ್ಣು, ಚರ್ಮ ಸುಡುವ ವಸ್ತು. ಹೆರಾಯಿನ್ ತಯಾರಿಕೆಗೂ ಬಳಕೆಯಾಗುವುದರಿಂದ ನಮ್ಮ ದೇಶದಲ್ಲಿ ಮಾದಕ ವಸ್ತು ಕಾನೂನಿನ ಕೆಳಗೆ ನಿಯಂತ್ರಿತ ಸಾಮಾನು. ಅಡುಗೆಮನೆಯ ವಿನೆಗರ್‌ನಲ್ಲಿ ನೆನೆಸಿದರೆ ಏನೂ ಆಗುವುದಿಲ್ಲ, ವಾಸನೆ ಬರುತ್ತದೆ ಅಷ್ಟೇ.

ದುಡ್ಡು ಕೊಟ್ಟು ಇಂಥ ಮರ ತರಿಸುವವರಿಗೆ ಒಂದು ಮಾತು. ಅಸಿಟೈಲ್ ಮಾಡಿದ ಮರವೂ ಬಿಸಿಲಿಗೆ ಬಿಟ್ಟರೆ ಬೂದಿಯಾಗುತ್ತದೆ. ಹುರಿದ ಮರದ ಕಂದು ಬಣ್ಣವೂ ಮಾಸುತ್ತದೆ. ಮಾರುವವರು ಇದನ್ನು ಜೋರಾಗಿ ಹೇಳುವುದಿಲ್ಲ. ಇಂಥ ಮರ ನೀರಿನ ಕಾಟಕ್ಕೆ ಮದ್ದು, ಬೆಳಕಿನ ಕಾಟಕ್ಕೆ ಕೋಟಿಂಗ್ ಬೇಕೇ ಬೇಕು. ಒಳ್ಳೆಯದು ಏನಂದರೆ, ಮರ ಅಲುಗಾಡದ ಕಾರಣ ಅದರ ಮೇಲಿನ ಕೋಟಿಂಗ್ ಜಾಸ್ತಿ ದಿನ ಬಾಳುತ್ತದೆ. ಅಸಿಟೈಲ್ ಮರಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಒಳಗೆ ಉಳಿದ ಚೂರು ಆಮ್ಲ ಸಾಧಾರಣ ಕಬ್ಬಿಣವನ್ನು ತಿನ್ನುತ್ತದೆ.

ಉಳಿದವರಿಗೆ, ಅಂದರೆ ನನ್ನಂಥವರಿಗೆ, ಕೆಳಗಿನ ದಾರಿ.

ಹಂತ 1: ಮನೆ ಸುತ್ತ ಒಮ್ಮೆ ನಡೆದು ಬನ್ನಿ

ಡಬ್ಬಿ ತರುವ ಮೊದಲು ಒಂದು ಚೀಟಿ, ಪೆನ್ಸಿಲ್ ಹಿಡಿದು ಸುತ್ತು ಹಾಕಿ. ಪ್ರತಿ ಮರದ ಮುಂದೆ ನಿಂತು ಎರಡೇ ಪ್ರಶ್ನೆ. ಇಲ್ಲಿಗೆ ಬಿಸಿಲು ನೇರ ಬೀಳುತ್ತದಾ? ಎರಚಲು ಹೊಡೆಯುತ್ತದಾ?

ಎರಡೂ ಇಲ್ಲದ ಜಾಗ, ಅಂದರೆ ಜಗಲಿಯ ಒಳಸಾಲಿನ ಕಂಬ, ತೊಟ್ಟಿಯ ಒಳಬಾಗಿಲು. ಇಲ್ಲಿ ಯಾವ ಒಳ್ಳೆ ಕ್ಲಿಯರ್ ಆದರೂ ವರ್ಷಗಟ್ಟಲೆ ಇರುತ್ತದೆ. ಒಂದು ಮಾತ್ರ ಇರುವ ಜಾಗದಲ್ಲಿ ಯುವಿ, ಅಂದರೆ ಅತಿನೇರಳೆ ಕಿರಣ, ತಡೆಯುವ ಕ್ಲಿಯರ್ ಹಾಕಿ, ವರ್ಷಕ್ಕೊಮ್ಮೆ ನೋಡಿಕೊಂಡರೆ ನಡೆಯುತ್ತದೆ. ಎರಡೂ ಇರುವ ಜಾಗದಲ್ಲಿ, ಅಂದರೆ ಪಶ್ಚಿಮದ ಬಾಗಿಲು, ಗೇಟು, ಅಂಗಳದ ಬೆಂಚು, ಪೂರ್ತಿ ಬಣ್ಣವಿಲ್ಲದ ಕ್ಲಿಯರ್ ಪದರವನ್ನು ಹಾಕಲೇಬೇಡಿ. ಮೇಲೆ ಪದರ ಕಟ್ಟದೆ ಮರದೊಳಗೆ ಇಳಿಯುವ, ಸ್ವಲ್ಪ ಬಣ್ಣ ಇರುವ ವುಡ್ ಸ್ಟೇನ್ ಹಾಕಿ. ಇದು ನನ್ನ ಅಭಿಪ್ರಾಯ ಅಂತ ಹೇಳಿದರೂ, ವರ್ಷಗಟ್ಟಲೆ ಉಜ್ಜಿ ಉಜ್ಜಿ ಗಟ್ಟಿಯಾದ ಅಭಿಪ್ರಾಯ.

ನಮ್ಮ ಕಡೆ ಬಿಸಿಲಿನ ಲೆಕ್ಕ ಸ್ವಲ್ಪ ಬೇರೆ. ಹಾಸನ, ಚಿಕ್ಕಮಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಬರುತ್ತಾನೆ. ಆಮೇಲೆ ಆಗಸ್ಟ್ ನಡುವಿನವರೆಗೂ ಅವನು ನಮಗಿಂತ ಉತ್ತರಕ್ಕೆ. ಹಾಗಾಗಿ "ಉತ್ತರದ ಗೋಡೆಗೆ ಬಿಸಿಲೇ ಇಲ್ಲ" ಅನ್ನುವುದು ಮೇ ತಿಂಗಳಲ್ಲಿ ಸುಳ್ಳು. ಜೊತೆಗೆ ನಾವಿರುವುದು ಹೆಚ್ಚುಕಡಿಮೆ 1000 ಮೀಟರ್ ಎತ್ತರದಲ್ಲಿ. ಗಾಳಿ ತಂಪಾಗಿದೆ ಅಂದ ಮಾತ್ರಕ್ಕೆ ಅತಿನೇರಳೆ ಕಿರಣ ಕಡಿಮೆ ಅಂತಲ್ಲ. ಎತ್ತರ ಏರಿದಷ್ಟೂ ಅದು ಜಾಸ್ತಿಯೇ. ಎರಚಲು ಮಾತ್ರ ನೈಋತ್ಯದಿಂದ, ಅದರಲ್ಲಿ ಅನುಮಾನ ಇಲ್ಲ.

ಈ ಸುತ್ತಿನಲ್ಲೇ ಇನ್ನೊಂದು ನೋಡಿ. ಸೂರು ಎರಡಡಿ ಮುಂದೆ ತರಬಹುದಾ? ಕಂಬದ ಬುಡ ನೆಲಕ್ಕೆ ತಾಗಿದೆಯಾ, ಕಲ್ಲಿನ ಪೀಠದ ಮೇಲಿದೆಯಾ? ಹಳೇ ಮನೆಗಳ ಉದ್ದನೆ ಸೂರು, ಕಲ್ಲಿನ ಪೀಠ ಚಂದಕ್ಕೆ ಮಾಡಿದ್ದಲ್ಲ. ಈಗ ಸೂರು ಕತ್ತರಿಸಿ ಬಾಕ್ಸ್ ಥರ ಮನೆ ಕಟ್ಟಿಸಿ, ಆಮೇಲೆ ಪಾಲಿಶ್ ಬಾಳಲಿಲ್ಲ ಅಂತ ಬೈಯುತ್ತೇವೆ.

ಹಂತ 2: ಕಾಲ ಹಿಡಿಯಿರಿ

ಮಳೆ ನಿಂತ ಕೂಡಲೇ, ಅಕ್ಟೋಬರಿನಲ್ಲಿ, ಬ್ರಷ್ ಎತ್ತಬೇಡಿ. ಮರದೊಳಗೆ ಮಳೆಗಾಲದ ತೇವ ಇನ್ನೂ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹವೆ ಒಣಗಿದ್ದರೂ ಇಬ್ಬನಿ ಕಾಟ. ನನಗೆ ಸರಿಹೋದದ್ದು ಫೆಬ್ರವರಿ. ಕಾಫಿ ಹಣ್ಣಿನ ಕೊಯ್ಲು ಮುಗಿದು ಕೈ ಖಾಲಿ ಇರುತ್ತದೆ, ಹೂಮಳೆ ಇನ್ನೂ ಬಂದಿರುವುದಿಲ್ಲ. ಬೆಳಗ್ಗೆ ಹತ್ತರ ನಂತರ ಶುರು ಮಾಡಿ ಮಧ್ಯಾಹ್ನ ಮೂರಕ್ಕೆ ಬ್ರಷ್ ಕೆಳಗಿಡಿ. ಸಂಜೆ ಹಚ್ಚಿದ ಪದರದ ಮೇಲೆ ರಾತ್ರಿ ಇಬ್ಬನಿ ಕೂತರೆ ಬೆಳಗ್ಗೆ ಅದು ಹಾಲಿನ ಹಾಗೆ ಬೆಳ್ಳಗಾಗಿರುತ್ತದೆ. ನೇರ ಬಿಸಿಲಲ್ಲಿ ಕಾದ ಮರಕ್ಕೂ ಹಚ್ಚಬೇಡಿ, ಗುಳ್ಳೆ ಏಳುತ್ತದೆ. ನೆರಳು ಸರಿದ ಕಡೆ ಹಿಂಬಾಲಿಸುತ್ತಾ ಹೋಗಿ.

ಹಂತ 3: ಮರ ಯಾವುದು, ಎಷ್ಟು ಒಣಗಿದೆ

ತೇಗದಲ್ಲಿ ಎಣ್ಣೆಯ ಅಂಶ ಇದೆ. ಹಚ್ಚುವ ಹತ್ತೇ ನಿಮಿಷ ಮೊದಲು ಥಿನ್ನರ್ ಅಥವಾ ಅಸಿಟೋನ್ ಬಟ್ಟೆಯಿಂದ ಒರೆಸಿ. ಬೀಟೆ ಇನ್ನೂ ಹಟಮಾರಿ. ಅದರೊಳಗಿನ ಸತ್ವ ಎಣ್ಣೆ ವಾರ್ನಿಶನ್ನು ಒಣಗಲು ಬಿಡುವುದಿಲ್ಲ, ವಾರ ಕಳೆದರೂ ಕೈಗೆ ಅಂಟುತ್ತದೆ. ಬೀಟೆಗೆ ಎರಡು ಭಾಗ ಬೆರೆಸುವ ಪಿಯು ಸೀಲರ್ ಮೊದಲು, ಅದನ್ನೂ ಒಂದು ತುಂಡಿನ ಮೇಲೆ ನೋಡಿದ ನಂತರ. ಹಲಸು, ಹೆಬ್ಬಲಸು, ಹೊನ್ನೆ ಚೆನ್ನಾಗಿ ಹೀರುತ್ತವೆ, ಗೋಳಿಲ್ಲ. ಸಿಲ್ವರ್ ಓಕ್ ಹೊರಗಡೆಗೆ ಅಲ್ಲವೇ ಅಲ್ಲ. ಅದರ ಪುಡಿ ಕೆಲವರಿಗೆ ಮೈ ತುರಿಸುತ್ತದೆ, ಉಜ್ಜುವಾಗ ತುಂಬುತೋಳಿನ ಅಂಗಿ ಇರಲಿ. ಯಾವ ಮರವಾದರೂ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಬಾಳುತ್ತದೆ, ಸುತ್ತಲಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ.

ತೇವ ನೂರಕ್ಕೆ 15ರ ಒಳಗೆ ಬರಬೇಕು. ಮುಳ್ಳು ಚುಚ್ಚುವ ಮಾಯಿಶ್ಚರ್ ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೆ ಅದೇ ಮರದ ತುಂಡನ್ನು ಅಡುಗೆ ತಕ್ಕಡಿಯಲ್ಲಿ ತೂಗಿ, ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 100 ಗ್ರಾಂ ಇದ್ದದ್ದು 87 ಆಯಿತು ಅನ್ನಿ. ಹೋದ 13ನ್ನು ಉಳಿದ 87ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 15. ಭಾಗಿಸುವುದು ಒಣ ತೂಕದಿಂದ, ಹಸಿ ತೂಕದಿಂದ ಅಲ್ಲ.

ಹೊಸ ಮನೆ ಕಟ್ಟುವವರಿಗೆ ಇಲ್ಲೇ ಒಂದು ಮಾತು. ನಾವು ಹೊಸಿಲು ಪೂಜೆ ಮಾಡಿ ಚೌಕಟ್ಟು ನಿಲ್ಲಿಸುತ್ತೇವೆ. ಆಮೇಲೆ ವರ್ಷಪೂರ್ತಿ ಅದರ ಮೇಲೆ ಸಿಮೆಂಟು ನೀರು, ಬಿಸಿಲು. ಕೊನೆಗೆ ಗೃಹಪ್ರವೇಶದ ಹಿಂದಿನ ವಾರ ಪಾಲಿಶ್. ಆದರೆ ಬರಿ ಮರ ಬಿಸಿಲಲ್ಲಿ ಎರಡು-ಮೂರು ವಾರ ಇದ್ದರೆ ಸಾಕು, ಮೇಲ್ಪದರದ ಹಿಡಿತ ಕಡಿಮೆಯಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಚೌಕಟ್ಟು ನಿಲ್ಲಿಸುವ ಮೊದಲೇ ಎಲ್ಲ ಬದಿಗೂ, ಗೋಡೆಗೆ ತಾಗುವ ಬೆನ್ನಿಗೂ, ಒಂದು ಕೋಟು ಹಚ್ಚಿಬಿಡಿ.

ಹಂತ 4: ಸತ್ತ ಪದರ ತೆಗೆಯಿರಿ

ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ಎಷ್ಟು ದುಬಾರಿ ಡಬ್ಬಿ ಸುರಿದರೂ ವ್ಯರ್ಥ.

ಹಳೇ ಪದರ ಎದ್ದಿದ್ದರೆ ಕೆರೆಯುವ ಉಳಿಯಿಂದ ಪೂರ್ತಿ ತೆಗೆಯಿರಿ. ಆಮೇಲೆ ಉಪ್ಪುಕಾಗದ. ಮೊದಲು 80 ನಂಬರ್, ನಂತರ 120. ಯಾವಾಗಲೂ ನಾರಿನ ಉದ್ದಕ್ಕೆ. ಒಳಗೆ ಹೀರುವ ಸ್ಟೇನ್ ಹಾಕುವುದಾದರೆ 120ಕ್ಕೆ ನಿಲ್ಲಿಸಿ, ಇನ್ನೂ ನುಣುಪು ಮಾಡಿದರೆ ಮರ ಕುಡಿಯುವುದಿಲ್ಲ. ಪದರ ಕಟ್ಟುವ ವಾರ್ನಿಶ್ ಆದರೆ 150 ಅಥವಾ 180ರವರೆಗೆ ಹೋಗಬಹುದು.

ಎಷ್ಟು ಉಜ್ಜಬೇಕು ಅಂತ ತಿಳಿಯಲು ಅಂಟುಟೇಪಿನ ಪರೀಕ್ಷೆ ಮಾಡಿ. ಉಜ್ಜಿದ ಜಾಗದ ಪುಡಿ ಒರೆಸಿ, ಟೇಪ್ ಒತ್ತಿ ಅಂಟಿಸಿ, ರಪ್ ಅಂತ ಕೀಳಿ. ಟೇಪಿಗೆ ಬೂದಿ ಬಣ್ಣದ ನಾರು ಬಂದರೆ ಸತ್ತ ಮರ ಇನ್ನೂ ಇದೆ, ಮತ್ತೆ ಉಜ್ಜಿ. ಟೇಪ್ ಬರಿದಾಗಿ ಬಂದರೆ ಸರಿ.

ಚೂಪಾದ ಅಂಚುಗಳನ್ನೆಲ್ಲ ಸ್ವಲ್ಪ ದುಂಡಗೆ ಮಾಡಿ, ಒಂದು ಮೂರು ಮಿಲಿಮೀಟರಿನಷ್ಟು. ಚೂಪು ಅಂಚಿನಲ್ಲಿ ಯಾವ ಕೋಟಿಂಗ್ ಆದರೂ ಹರಿದು ತೆಳ್ಳಗಾಗುತ್ತದೆ, ಸೀಳುವುದು ಅಲ್ಲಿಂದಲೇ.

ಮೊಳೆ, ಚಿಲಕದ ಸುತ್ತ ನೀಲಿಗಪ್ಪು ಕಲೆ ಇದ್ದರೆ ಅದು ಕೊಳೆತದ್ದಲ್ಲ. ಮರದ ಒಗರು ಕಬ್ಬಿಣಕ್ಕೆ ಸೇರಿ ಆದ ಶಾಯಿ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಕೈಗವಸು ಹಾಕಿಕೊಂಡು ಹಚ್ಚಿ. ಅರ್ಧ ಗಂಟೆಯಲ್ಲಿ ಕಲೆ ಹೋಗುವುದು ನೋಡಲು ಖುಷಿ. ನಂತರ ಮೂರು-ನಾಲ್ಕು ಸಲ ನೀರಿನಿಂದ ತೊಳೆಯಿರಿ. ಅದು ವಿಷ. ಹರಳು ಮರದ ಮೇಲೆ ಉಳಿದರೆ ಮುಂದೆ ಉಜ್ಜುವಾಗ ಮೂಗಿಗೆ ಹೋಗುತ್ತದೆ. ತೊಳೆದ ಮೇಲೆ ಕಬ್ಬಿಣದ ಮೊಳೆ ಬದಲು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಹಾಕಿ, ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಶಾಯಿ.

ಕಪ್ಪು ಬೂಷ್ಟಿಗೆ ಬ್ಲೀಚ್ ದ್ರಾವಣ ಒಂದು ಪಾಲು, ನೀರು ಮೂರು ಪಾಲು. ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚ್ ಮತ್ತು ಆಕ್ಸಾಲಿಕ್ ಆಮ್ಲವನ್ನು ಒಂದೇ ದಿನ ಬಳಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.

ಹಂತ 5: ಬಿಳಿಗಾರದ ನೀರು

ಮನೆಯಲ್ಲೇ ಮಾಡಬಹುದಾದ ರಾಸಾಯನಿಕ ಉಪಚಾರ ಇದೊಂದೇ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ, ಅಂದರೆ ಬೊರಾಕ್ಸ್, ಜೊತೆಗೆ 20 ಗ್ರಾಂ ಬೋರಿಕ್ ಆಮ್ಲ. ಎರಡು ಸಲ ಧಾರಾಳವಾಗಿ ಹಚ್ಚಿ, ತುದಿಗಳಿಗೆ ನಾಲ್ಕು ಸಲ. ಕುಟ್ಟೆ, ಗೆದ್ದಲು, ಕೊಳೆಸುವ ಶಿಲೀಂಧ್ರ ಮೂರನ್ನೂ ಇದು ತಡೆಯುತ್ತದೆ. ಬಣ್ಣ ಕೆಡುವುದಿಲ್ಲ. ದೋಷ ಒಂದೇ: ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಮೇಲೊಂದು ಕೋಟಿಂಗ್ ಇರಲೇಬೇಕು. ಮಣ್ಣಿಗೆ ತಾಗುವ ಕಂಬಕ್ಕೆ ಇದು ಸಾಲದು. ಹಚ್ಚಿದ ಮೇಲೆ ಒಂದು ವಾರ ನೆರಳಲ್ಲಿ ಒಣಗಲಿ, ಮೇಲೆ ಬಿಳಿ ಪುಡಿ ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಂತ 6: ಡಬ್ಬಿ ಆರಿಸುವುದು

ಅಂಗಡಿಯಲ್ಲಿ ಎಲ್ಲಕ್ಕೂ ಪಾಲಿಶ್ ಅಂತಲೇ ಹೆಸರು. ಹೊರಗಡೆಗೆ ಬೇಡವಾದವನ್ನು ಮೊದಲು ಹೇಳುತ್ತೇನೆ. ಫ್ರೆಂಚ್ ಪಾಲಿಶ್ ಅರಗಿನದು, ನೀರು ತಾಗಿದರೆ ಬೆಳ್ಳಗಾಗುತ್ತದೆ. ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಬಿಸಿಲಿಗೆ ಹಳದಿಯಾಗಿ ಸೀಳುತ್ತದೆ. ಮೆಲಮೈನ್ ಗಟ್ಟಿ, ಚಂದ, ಆದರೆ ಮನೆಯೊಳಗಿನದು. ಪಿಯುನಲ್ಲಿ ಎರಡು ಜಾತಿ. ಆರೊಮ್ಯಾಟಿಕ್ ಅನ್ನುವುದು ಅಗ್ಗ, ಬಿಸಿಲಿಗೆ ಹಳದಿಯಾಗುತ್ತದೆ. ಅಲಿಫ್ಯಾಟಿಕ್ ದುಬಾರಿ, ಹೊರಗೆ ಬಾಳುವುದು ಇದೇ. ಡಬ್ಬಿ ಮೇಲೆ "ಎಕ್ಸ್‌ಟೀರಿಯರ್" ಅಂತ ಇದೆಯಾ ನೋಡಿ, ಅಲಿಫ್ಯಾಟಿಕ್ ಹೌದಾ ಅಂತ ಕೇಳಿ. ನಮ್ಮ ಬಾಗಿಲಿಗೆ ಯಾವುದು ಹಾಕಿದ್ದರೋ, ನಾನು ಕೇಳಿರಲೇ ಇಲ್ಲ. ಖಾಲಿ ಡಬ್ಬಿಯನ್ನೂ ಅವರೇ ಒಯ್ದಿದ್ದರು.

ಹೊರಗಡೆಯ ಒಳ್ಳೆ ಕ್ಲಿಯರ್‌ನಲ್ಲಿ ಎರಡು ವಸ್ತು ಇರಬೇಕು. ಒಂದು ಯುವಿ ಅಬ್ಸಾರ್ಬರ್, ಅತಿನೇರಳೆ ಕಿರಣವನ್ನು ತಾನೇ ಹೀರಿ ಶಾಖ ಮಾಡಿ ಬಿಟ್ಟುಬಿಡುತ್ತದೆ. ಇನ್ನೊಂದು ಹಾಲ್ಸ್ ಅನ್ನುವ ಅಮೈನ್ ವಸ್ತು. ಬೆಳಕು ಬಿದ್ದಾಗ ಹುಟ್ಟುವ ಪುಂಡ ಕಣಗಳನ್ನು, ಅಂದರೆ ಫ್ರೀ ರ‍್ಯಾಡಿಕಲ್‌ಗಳನ್ನು, ಇದು ಹಿಡಿದು ಕೂರಿಸುತ್ತದೆ. ಲಿಗ್ನಿನ್ ಸ್ಟೆಬಿಲೈಸರ್ ಅಂತ ಕೆಲವು ಪ್ರೈಮರ್‌ಗಳಲ್ಲಿ ಬರುವುದೂ ಈ ಜಾತಿಯದೇ. ಅದನ್ನು ಬರಿ ಮರಕ್ಕೆ ನೇರ ಕುಡಿಸುತ್ತಾರೆ. ಆದರೆ ಅಬ್ಸಾರ್ಬರ್ ಕಾಣುವ ಬೆಳಕನ್ನು ತಡೆಯುವುದಿಲ್ಲ, ಕಾಣುವ ಬೆಳಕಿನ ನೇರಳೆ ತುದಿಯೂ ಮರವನ್ನು ಸ್ವಲ್ಪ ಕೆಡಿಸುತ್ತದೆ. ಅದನ್ನು ತಡೆಯುವುದು ಬಣ್ಣ ಮಾತ್ರ.

ಆ ಬಣ್ಣ ನಮಗೆ ಗೊತ್ತಿರುವುದೇ. ಹಳೇ ಮನೆಯ ಕೆಂಪು ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್, ಗೋಡೆಯ ಕಾವಿ, ಎರಡೂ ಕಬ್ಬಿಣದ ಆಕ್ಸೈಡ್. ಅತಿನೇರಳೆಯನ್ನು ಇದರಷ್ಟು ಚೆನ್ನಾಗಿ, ಇದರಷ್ಟು ಅಗ್ಗವಾಗಿ ತಡೆಯುವ ಬಣ್ಣ ಕಡಿಮೆ. ಕಂಪನಿಗಳು ಇದನ್ನೇ ಬಹಳ ನುಣ್ಣಗೆ ಅರೆದು ತೇಗದ ಬಣ್ಣ, ವಾಲ್ನಟ್ ಬಣ್ಣ ಅಂತ ಪಾರದರ್ಶಕ ಸ್ಟೇನ್ ಮಾಡುತ್ತವೆ. ಮರದ ಗೆರೆ ಕಾಣುತ್ತದೆ, ಕಿರಣ ನಿಲ್ಲುತ್ತದೆ.

ಮನೆಯಲ್ಲೇ ಮಾಡಬೇಕೆಂದರೆ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ ಒಂದು ಲೀಟರ್, ಟರ್ಪಂಟೈನ್ ಅರ್ಧ ಲೀಟರ್, ನುಣ್ಣನೆ ಆಕ್ಸೈಡ್ ಪುಡಿ 40 ಗ್ರಾಂ. ಕೆಂಪು ಒಂದು ಪಾಲು, ಹಳದಿ ಮೂರು ಪಾಲು ಹಾಕಿದರೆ ತೇಗದ ಛಾಯೆ. ಪುಡಿಯನ್ನು ಮೊದಲು ಸ್ವಲ್ಪ ಎಣ್ಣೆಯಲ್ಲಿ ಚಟ್ನಿ ಹದಕ್ಕೆ ಅರೆದು, ನಂತರ ಉಳಿದದ್ದು ಸೇರಿಸಿ ಬಟ್ಟೆಯಲ್ಲಿ ಸೋಸಿ. ಜಗಲಿಯ ಕಂಬಕ್ಕೆ ಇದು ಬಹಳ ಚೆನ್ನ. ಆದರೆ ಎರಚಲು ಹೊಡೆಯುವ ಗೇಟಿಗೆ ಹಚ್ಚಿ ನಾನು ಕೈ ಸುಟ್ಟುಕೊಂಡೆ. ಅಗಸೆ ಎಣ್ಣೆ ಬೂಷ್ಟಿಗೆ ಹಬ್ಬದೂಟ, ಆಶ್ಲೇಷ ಮಳೆ ಹೊತ್ತಿಗೆ ಗೇಟು ಕರ‍್ರಗಾಗಿತ್ತು. ಅಂಥ ಕಡೆಗೆ ಬೂಷ್ಟುನಾಶಕ ಸೇರಿರುವ ಅಂಗಡಿ ಸ್ಟೇನೇ ಸರಿ.

ಗೇರು ಸಿಪ್ಪೆ ಎಣ್ಣೆ ಬಗ್ಗೆ ಕೇಳುವವರಿಗೆ: ರೀಪು, ಜಂತಿ, ಕಾಣದ ಕಡೆಗೆ ಒಳ್ಳೆಯದು. ಮರವನ್ನು ಕಪ್ಪು ಮಾಡುತ್ತದೆ, ಚರ್ಮವನ್ನು ಸುಡುತ್ತದೆ. ಸುಟ್ಟ ಎಂಜಿನ್ ಆಯಿಲ್ ಮಾತ್ರ ಹಚ್ಚಲೇಬೇಡಿ. ಆಮೇಲೆ ಅದರ ಮೇಲೆ ಏನೂ ಹಿಡಿಯುವುದಿಲ್ಲ, ಮಳೆಗೆ ಇಳಿದು ತೋಟದ ಮಣ್ಣಿಗೆ ಸೇರುತ್ತದೆ.

ಹಂತ 7: ಹಚ್ಚುವುದು

ಮೊದಲು ತುದಿ. ಹಲಗೆಯ ಕತ್ತರಿಸಿದ ತುದಿ ಅಂದರೆ ಸ್ಟ್ರಾಗಳ ಕಟ್ಟಿನ ಬಾಯಿ ಇದ್ದ ಹಾಗೆ. ಅಡ್ಡಬದಿಗಿಂತ ಹತ್ತಾರು ಪಟ್ಟು ಜೋರಾಗಿ ನೀರು ಎಳೆಯುತ್ತದೆ. ಬಾಗಿಲನ್ನು ಕೀಲಿನಿಂದ ಇಳಿಸಿ, ಅದರ ತಳ, ತಲೆ ಎರಡಕ್ಕೂ ಹಚ್ಚಿ. ಯಾರೂ ಇದನ್ನು ಮಾಡುವುದಿಲ್ಲ. ಬಾಗಿಲು ಕೆಡುವುದು ಯಾವಾಗಲೂ ತಳದಿಂದಲೇ ಅನ್ನುವುದಕ್ಕೆ ಕಾರಣ ಇಷ್ಟೇ.

ಸ್ಟೇನ್ ಆದರೆ ಧಾರಾಳವಾಗಿ ಬ್ರಷ್‌ನಲ್ಲಿ ಹಚ್ಚಿ, ಹದಿನೈದು-ಇಪ್ಪತ್ತು ನಿಮಿಷ ಕುಡಿಯಲು ಬಿಟ್ಟು, ಮೇಲೆ ಉಳಿದದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಒರೆಸದೆ ಬಿಟ್ಟರೆ ಅಂಟಂಟು ಪದರ ಉಳಿದು ಧೂಳು, ನೊಣ ಎಲ್ಲ ಕೂರುತ್ತವೆ. ಮಾರನೇ ದಿನ ಎರಡನೇ ಕೋಟು. ಬಣ್ಣ ತಳಕ್ಕೆ ಕೂರುತ್ತದೆ, ಆಗಾಗ ಕಲಕುತ್ತಿರಿ.

ವಾರ್ನಿಶ್ ಆದರೆ ಮೊದಲ ಕೋಟಿಗೆ ಅರ್ಧಕ್ಕರ್ಧ ಥಿನ್ನರ್, ಎರಡನೆಯದಕ್ಕೆ ಕಾಲು ಪಾಲು, ಮುಂದಿನವಕ್ಕೆ ಹಾಗೇ. ಪ್ರತಿ ಕೋಟು ಒಣಗಿದ ಮೇಲೆ 240 ನಂಬರಿನಿಂದ ಸುಮ್ನೆ ಮೇಲೆ ಮೇಲೆ ಎಳೆದು, ಪುಡಿ ಒರೆಸಿ, ಮುಂದಿನದು. ಬ್ರಷ್‌ನ ಒಂದು ಕೋಟು ಒಣಗಿದ ಮೇಲೆ ಉಳಿಯುವುದು 25-30 ಮೈಕ್ರಾನ್. ಹೊರಗಡೆಗೆ 100 ಮೈಕ್ರಾನ್ ಆದರೂ ಬೇಕು. ದೋಣಿ ಕಟ್ಟುವವರು ಏಳೆಂಟು ಕೋಟು ಹಾಕುವುದು ಇದಕ್ಕೇ. ಇಲ್ಲಿ "ಎರಡು ಕೈ ಹೊಡೆದಿದ್ದೀನಿ ಸಾರ್" ಅಂದರೆ ಅರ್ಧ ಕೆಲಸ ಆಯಿತು ಅಂತ ತಿಳಿಯಿರಿ. ಬಾಗಿಲಿನ ಒಳಮೈಗೂ ಸಮವಾಗಿ ಹಚ್ಚಿ. ಒಂದೇ ಬದಿಗೆ ಹಚ್ಚಿದ ಹಲಗೆ ಬಾಗುತ್ತದೆ.

ಎರಡು ಭಾಗದ ಪಿಯುವಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿಗೆ ಹೋದರೆ ಆಸ್ತಮಾ ತರುವ ವಸ್ತು. ಸ್ಪ್ರೇ ಮಾಡುವವರಿಗೆ ಕರ್ಚೀಫ್ ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಕೊಡಿ. ಕೆಲಸದ ಹುಡುಗ ಬೇಡ ಅಂದರೂ ಹಾಕಿಸಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಕೂಡಿ ತಾನಾಗೇ ಬೆಂಕಿ ಹತ್ತುತ್ತದೆ. ಅದಕ್ಕೆ ಬೆಂಕಿಕಡ್ಡಿಯೂ ಬೇಕಿಲ್ಲ, ಬೀಡಿಯೂ ಬೇಕಿಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ, ಅಂಗಳದಲ್ಲಿ ಒಂಟಿಯಾಗಿ ಹರಡಿ ಒಣಗಿಸಿ. ಗೋಣಿಚೀಲ, ಸೌದೆ ಇರುವ ಕೊಟ್ಟಿಗೆಯಲ್ಲಂತೂ ಇಡಲೇಬೇಡಿ.

ಹಂತ 8: ವರ್ಷಕ್ಕೆರಡು ಸಲ ನೋಡುವುದು

ಮೃಗಶಿರಾ ಹಿಡಿಯುವ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಮರದ ಮೇಲೆ ನೀರಿನ ಹನಿ ಬಿಡಿ. ಮಣಿಯಾಗಿ ನಿಂತರೆ ಸರಿ. ಒಂದೆರಡು ನಿಮಿಷದಲ್ಲಿ ಹರಡಿ ಕಪ್ಪಾಗಿ ಒಳಗೆ ಇಳಿದರೆ ಸ್ಟೇನ್ ಮುಗಿದಿದೆ. ತೊಳೆದು, ಒಣಗಿಸಿ, ಒಂದು ಕೋಟು ಹಚ್ಚಿದರಾಯಿತು. ಕೆರೆಯುವುದು ಬೇಡ. ಸ್ಟೇನ್‌ನ ದೊಡ್ಡ ಸುಖ ಇದು. ಅದು ಮಾಸುತ್ತದೆ, ಸಿಪ್ಪೆ ಏಳುವುದಿಲ್ಲ. ನಮ್ಮ ಪಶ್ಚಿಮದ ಬಾಗಿಲಿಗೆ ಪ್ರತಿ ಫೆಬ್ರವರಿ ಒಂದು ಭಾನುವಾರ ಮಧ್ಯಾಹ್ನ ಸಾಕು. ಹೊಳಪಿಲ್ಲ ಅಂತ ಅಮ್ಮನಿಗೆ ಇನ್ನೂ ಬೇಜಾರಿದೆ.

ವಾರ್ನಿಶ್ ಹಾಕಿದ್ದರೆ ಹೊಳಪು ಮಾಸಲು ಶುರುವಾದ ಕೂಡಲೇ, ಸೀಳುವ ಮೊದಲೇ, ಮೇಲೆ ಉಜ್ಜಿ ಎರಡು ಕೋಟು ಕೊಡಿ. ಸೀಳಿದ ಮೇಲೆ ಆ ಹಲಗೆಯನ್ನು ಮತ್ತೆ ಹಂತ 4ರಿಂದಲೇ ಶುರು ಮಾಡಬೇಕು. ನಡುವೆ ಒಂದು ಕಡೆ ಪೆಟ್ಟು ಬಿದ್ದು ಪದರ ಹೋಗಿದ್ದರೆ, ಸುತ್ತ ಎರಡು ಇಂಚು ಜಾಸ್ತಿ ಉಜ್ಜಿ ತೇಪೆ ಹಚ್ಚಿ. ಮಳೆಗಾಲದ ನಡುವೆ ಕಂಡರೆ ಮೇಣ ಉಜ್ಜಿ ಸದ್ಯಕ್ಕೆ ಮುಚ್ಚಿಡಿ. ಆದರೆ ಫೆಬ್ರವರಿಯಲ್ಲಿ ಆ ಮೇಣವನ್ನು ಟರ್ಪಂಟೈನ್‌ನಿಂದ ಪೂರ್ತಿ ತೆಗೆಯದೆ ಹಚ್ಚಿದರೆ ಏನೂ ಹಿಡಿಯುವುದಿಲ್ಲ.

ಉಳಿದ ಸ್ಟೇನ್ ಡಬ್ಬಿಯಲ್ಲಿ ಗಾಳಿ ಇದ್ದರೆ ಮೇಲೆ ಕೆನೆ ಕಟ್ಟುತ್ತದೆ. ಮಕ್ಕಳ ಗೋಲಿ ಅಥವಾ ತೊಳೆದು ಒಣಗಿಸಿದ ಹೊಳೆಗಲ್ಲು ಹಾಕಿ ಮಟ್ಟವನ್ನು ಬಾಯಿವರೆಗೆ ತಂದು ಮುಚ್ಚಿ. ಮುಚ್ಚಳದ ಮೇಲೆ ತಾರೀಖು, ಯಾವ ಮರಕ್ಕೆ ಹಚ್ಚಿದ್ದು, ಕೆಂಪು ಎಷ್ಟು ಹಳದಿ ಎಷ್ಟು ಅಂತ ಬರೆದಿಡಿ. ಮುಂದಿನ ವರ್ಷ ಆ ಬಣ್ಣ ನೆನಪಿಗೆ ಬರುವುದಿಲ್ಲ.